ಫೋನಿನಲ್ಲಿ ಬಂದ ತಾಯಲೂರಿನ ಸುದ್ದಿ

ಇದು ೧೯೯೮ರ ಮಾತು. ಮುಳಬಾಗಿಲಿನ ನಮ್ಮ ಮನೆಯಲ್ಲಿ ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಫೋನ್ ಹೊಡೆದುಕೊಂಡಿತು. ಎತ್ತಿದರೆ ರಿಸೀವರ್ ಬೆಚ್ಚಗಿತ್ತು, ಈಗಷ್ಟೇ ಯಾರೋ ಮಾತಾಡಿ ಇಟ್ಟ ಹಾಗೆ.

ಬೆಂಗಳೂರಿನ ಪತ್ರಿಕಾ ಕಚೇರಿಯಿಂದ ರಂಗಣ್ಣ. "ಅತ್ತಿಗೆ, ರಾತ್ರಿ ಸಾರ್ ಕೊಟ್ಟ ತಾಯಲೂರು ಕೆರೆ ಸುದ್ದಿ ಮುಖಪುಟಕ್ಕೆ ಬಂದಿದೆ. ಅದೇ ಹಳೇ ಗತ್ತು! ಕಾಮಾ, ಫುಲ್‌ಸ್ಟಾಪ್ ಎಲ್ಲಾ ಹೇಳ್ಕೊಂಡೇ ಬರೆಸಿದ್ರು. ಹುಷಾರಾದ್ರು ಅಂತ ಒಂದು ಮಾತು ತಿಳಿಸಬಾರದಾ?"

ಇಪ್ಪತ್ತು ವರ್ಷ ಆ ಪತ್ರಿಕೆಗೆ ಹೀಗೇ ಫೋನಿನಲ್ಲಿ ಸುದ್ದಿ ಬರೆಸಿದವರು ನನ್ನ ಗಂಡ. ಪಾರ್ಶ್ವವಾಯು ಬಡಿದ ಮೇಲೆ ಮಂಚ ಬಿಟ್ಟು ಎದ್ದಿಲ್ಲ, ಒಂದಕ್ಷರ ಆಡಿಲ್ಲ. ಒಂದೇ ಒಂದು ಸಲ ನನ್ನ ಹೆಸರು ಹಿಡಿದು ಕರೆಯಲಿ ಎಂದು ದಿನವೂ ಕಾಯುತ್ತಿದ್ದೆ.

ಮಗಳು ವಿಭಾ ಕೆಲವು ದಿನಗಳಿಂದ ಏನೋ ಕೇಳಲು ಬಂದು ಸುಮ್ಮನಾಗುತ್ತಿದ್ದಳು. ಅವತ್ತು ಸೆರಗು ಹಿಡಿದು ಕೇಳಿಯೇಬಿಟ್ಟಳು.

"ಅಮ್ಮಾ, ಫೋನಲ್ಲಿ ಅಷ್ಟೊಂದು ಮಾತಾಡ್ತಾರಲ್ಲ, ಅಪ್ಪ ನಮ್ಮ ಹತ್ರ ಯಾಕೆ ಮಾತಾಡಲ್ಲ?"