ಬಲತೋಳಿನ ಕಟಿಂಗ್

"ಅಯ್ಯೋ, ಅದು ನನ್ನ ತೋಳು!"

ಅವಳ ಕೂಗಿಗೆ ಇಡೀ ಸಭಾಂಗಣ ತಿರುಗಿ ನೋಡಿತು. ಅಪ್ಪ ಗಾಬರಿಯಿಂದ ಮಗಳ ಕೈಗಳನ್ನು ನೋಡಿದರು. ಸದ್ಯ, ಎರಡೂ ಇದ್ದವು!

"ಗೋಡೆ ಮೇಲಪ್ಪಾ... ಆ ತಗಡು ನೋಡಿ!"

ಪರದೇಶದಲ್ಲಿರುವ ಅಕ್ಕ, ರಜೆಗೆ ಬಂದಿದ್ದ ಅಪ್ಪ, ಅಮ್ಮ, ತಂಗಿ ಮೂವರನ್ನೂ ಬೆಳಿಗ್ಗೆ ಈ ಕಲಾಭವನದ ಬಾಗಿಲಲ್ಲಿ ಇಳಿಸಿ ಕೆಲಸಕ್ಕೆ ಹೋಗಿದ್ದಳು. ಮುಂದಿನ ಶತಮಾನದ್ದೇನೋ ಎನ್ನಿಸುವ ಕಟ್ಟಡ. ಹುಡುಕಿದರೂ ಒಂದು ನೆಟ್ಟಗಿನ ಗೋಡೆ ಇಲ್ಲ. "ಇಲ್ಲಿ ಕ್ಯಾಲೆಂಡರ್ ಎಲ್ಲಿ ನೇತುಹಾಕ್ತಾರೋ!" ಎಂಬುದು ಅಪ್ಪನ ಚಿಂತೆ.

ಟೇಲರ್ ಆಗಿದ್ದ ಮಗಳ ಕುತೂಹಲವೇ ಬೇರೆ. ಗೋಡೆ ತುಂಬ ಸಾವಿರಾರು ತಗಡು, ಒಂದರಂತೆ ಇನ್ನೊಂದಿಲ್ಲ. ಚಪ್ಪಟೆ ತಗಡನ್ನು ಸುಕ್ಕಿಲ್ಲದೆ ಹೀಗೆ ದುಂಡಗೆ ಕೂರಿಸಿದ್ದಾದರೂ ಹೇಗೆ? ನೋಡುತ್ತ ನೋಡುತ್ತ ಬಂದವಳಿಗೆ ಒಂದು ತಗಡಿನ ಆಕಾರದಲ್ಲಿ ಸಿಕ್ಕಿದ್ದು ಅವಳದೇ ಕಟಿಂಗ್!

ಅಮ್ಮ ಬಸ್ ಕಂಡಕ್ಟರ್. ದಿನವಿಡೀ ಬಲಗೈ ಎತ್ತಿ ಕಂಬಿ ಹಿಡಿಯುವವಳು. ಅವಳಿಗಾಗಿಯೇ ಅಂಗಿಯ ಬಲತೋಳಿನ ಹಿಂಬದಿಯಲ್ಲಿ ಎರಡು ಬೆರಳಷ್ಟು ಸಡಿಲ ಬಿಟ್ಟು ಮಗಳು ಕತ್ತರಿಸಿದ್ದ ಕಾಗದದ ಮಾದರಿ ಅದು. ಅದು ಗೊತ್ತಿದ್ದದ್ದು ಇನ್ನೊಬ್ಬನಿಗೆ ಮಾತ್ರ.

ಅವನೇ ಏಣಿಯ ಮೇಲಿಂದ ಇಳಿದು ಬಂದ. ಕೈಯಲ್ಲಿ ಸ್ಕ್ರೂಡ್ರೈವರ್, ಮುಖದಲ್ಲಿ ರಕ್ತವೇ ಇರಲಿಲ್ಲ.

"ನೀನಾ...?"

ಅವಳ ಅಂಗಡಿಯ ಪಕ್ಕದಲ್ಲಿ ತಗಡಿನ ಕೆಲಸ ಮಾಡುತ್ತಿದ್ದವನು. ಬಟ್ಟೆ ಹೇಗೆ ಭುಜಕ್ಕೆ ಕೂರುತ್ತದೆ ಎಂದು ಕೇಳಲು ಬಂದು, ಅವಳ ಮನಸ್ಸಿನಲ್ಲೇ ಕೂತವನು. ಒಂದು ದಿನ ಹೇಳದೆ ಕೇಳದೆ ಪರದೇಶಕ್ಕೆ ಹೋಗಿಬಿಟ್ಟಿದ್ದ. ಎರಡು ವರ್ಷ ಅವಳು ಬಂದ ಸಂಬಂಧಗಳನ್ನೆಲ್ಲ ದೂಡಿದ್ದಳು. ಈ ಸಲ ಊರಿಗೆ ಮರಳಿದ ಕೂಡಲೇ, ಹೊಸದಾಗಿ ಬಂದಿದ್ದ ಒಂದಕ್ಕೆ ಹೂಂ ಅನ್ನುತ್ತೇನೆಂದು ಅಮ್ಮನಿಗೆ ಮಾತು ಕೊಟ್ಟಾಗಿತ್ತು.

"ನನ್ನ ಕಟಿಂಗ್ ಕದ್ದಿರಾ?"

"'ನೀವು' ಯಾವಾಗಿಂದ ಆದೆ ನಾನು?"

"ಹೇಳದೆ ಹೋದವರನ್ನ ಹಾಗೇ ಕರೆಯೋದು!"

ಕೋಪವಿತ್ತು. ಆದರೆ ಕುತೂಹಲ ಅದಕ್ಕಿಂತ ಒಂದು ಕೈ ಮೇಲೆ. "ಅದ್ಸರಿ... ಸುಕ್ಕು ಬರದ ಹಾಗೆ ಹೇಗೆ ಕೂರಿಸಿದ್ರಿ?"

ಅವನಿಗೆ ನಗು ತಡೆಯಲಾಗಲಿಲ್ಲ. "ಈ ತಿರುವು ಯಾರಿಗೂ ಬಗ್ಗಲಿಲ್ಲ. ನಾಲ್ಕು ತಗಡು ಹಾಳಾಯ್ತು. ಆಗ ನಿನ್ನ ಎರಡು ಬೆರಳು ಸಡಿಲ ನೆನಪಾಯ್ತು. ಕದ್ದಿಲ್ಲ ಕಣೇ, ತಗಡಿನ ಹಿಂದೆ ನಿನ್ನ ಹೆಸರು ಬರೆದಿದೀನಿ."

"ಹಿಂದೆ ಬರೆದ್ರೆ ಯಾರಿಗೆ ಕಾಣತ್ತೆ?"

"ಕಾಗದದ ಹಿಂದೆ ಬರೆದಿದ್ದೇ ನಿನಗೆ ಕಾಣಲಿಲ್ವಲ್ಲ..."

ಅವಳು ತಗಡು ಬಿಟ್ಟು ಅವನತ್ತ ತಿರುಗಿದಳು. "ಯಾವ ಕಾಗದ?"

"ನೋಡೋಕೆ ಅಂತ ಒಯ್ದಿದ್ದ ನಿನ್ನ ಕಟಿಂಗ್, ಹೋಗೋ ದಿನ ನಿನ್ನ ಮೇಜಿನ ಮೇಲೆ ವಾಪಸ್ ಇಟ್ಟೆನಲ್ಲ, ಇದೇ ಬಲತೋಳಿನದು. ಬೆನ್ನಿಗೆ ಎಲ್ಲಾ ಬರೆದಿದ್ದೆ, ಇಲ್ಲಿಯ ನಂಬರ್ ಕೂಡ. ಫೋನ್ ಬರದಿದ್ರೆ ಇಷ್ಟ ಇಲ್ಲ ಅಂದ್ಕೊಂಡು ಸುಮ್ಮನಾಗ್ತೀನಿ ಅಂತಲೂ ಬರೆದಿದ್ದೆ. ಫೋನ್ ಬರಲಿಲ್ಲ."

'ದೇವರೇ... ನಾನೇನು ಮಾಡಿಬಿಟ್ಟೆ!'

"ಅದನ್ನ... ರಟ್ಟಿಗೆ ಅಂಟಿಸಿಬಿಟ್ಟೆ."

"ಏನು?!"

"ಗುರುತೆಲ್ಲ ಮುಂದೆ ಇರತ್ತೆ, ಕಟಿಂಗ್ ಕಾಗದದ ಬೆನ್ನು ಯಾರು ನೋಡ್ತಾರೆ? ನೀನು ಕೈಯಾರೆ ಇಟ್ಟು ಹೋಗಿದ್ದು... ಸವೆದು ಹೋಗಬಾರದು ಅಂತ ಅವತ್ತೇ ಗೋಂದು ಬಳಿದು ಅಂಟಿಸಿದೆ."

ಎರಡು ವರ್ಷ! ಅಮ್ಮನಿಗೆ ಹೊಲಿಯುವಾಗಲೆಲ್ಲ ಆ ರಟ್ಟನ್ನು ಬಟ್ಟೆಯ ಮೇಲಿಟ್ಟು, ಅಂಗೈಯಿಂದ ಒತ್ತಿ, ಸುತ್ತ ಸೀಮೆಸುಣ್ಣ ಎಳೆದಿದ್ದಳು. ಅವನ ಮಾತು ಅವಳ ಅಂಗೈ ಕೆಳಗೇ ಇತ್ತು. ಅವಳಿಗೆ ಅಳು ಉಕ್ಕಿ ಬಂತು.

"ಏನು ಬರೆದಿದ್ದೆ?"

"ಊರಿಗೆ ಹೋಗಿ ಕಿತ್ತು ಓದು."

"ಕಿತ್ತರೆ ಹರಿದು ಹೋಗತ್ತೆ ಕಣೋ. ಬಾಯಲ್ಲೇ ಹೇಳು."

ಅವನು ಸ್ಕ್ರೂಡ್ರೈವರನ್ನು ಸುಮ್ಮನೆ ತಿರುಗಿಸಿದ. ಕಿವಿ ಕೆಂಪಾಗಿತ್ತು. "ನನ್ನನ್ನ ಮದುವೆ ಆಗ್ತೀಯಾ, ಅಂತ."

"ಹೋಲ್ಡಾನ್!" ಅಮ್ಮ ಬಲಗೈ ಎತ್ತಿದಳು. "ನನಗೆ ಕೊಟ್ಟ ಮಾತು?"

ಮಗಳು ಒದ್ದೆಗಣ್ಣಲ್ಲಿ ಅಮ್ಮನನ್ನೇ ನೋಡಿದಳು. ಅಮ್ಮ ಒಮ್ಮೆ ಆ ತಗಡನ್ನು ನೋಡಿದಳು, ಒಮ್ಮೆ ತನ್ನದೇ ತೋಳನ್ನು ಮುಟ್ಟಿಕೊಂಡಳು.

"ಆ ಮನೆಯವರಿಗೆ ನಾನು ಹೇಳ್ಕೋತೀನಿ. ರೈಟ್, ರೈಟ್!" ಎಂದು ಅಪ್ಪನ ಕೈ ಹಿಡಿದು ಎಳೆದುಕೊಂಡು ಹೊರಟಳು.

"ಆಗ್ತೀನಿ," ಅವಳೆಂದಳು. "ಆದ್ರೆ ಒಂದು ಷರತ್ತು."

"ಏನು?"

"ಇನ್ಮೇಲೆ ಬೆನ್ನಿಗೆ ಬರೆಯೋದು ಸಾಕು. ಏನಿದ್ರೂ ಎದುರಿಗೇ ಹೇಳ್ಬೇಕು."

"ಎದುರಿಗೇ ನಿಂತಿದೀನಲ್ಲ..."

"ಹಾಗಾದ್ರೆ... ಇನ್ನೊಂದ್ಸಲ ಕೇಳು."