ಅಬ್ಬಾರ ಹೆಗಲ ಮೇಲಿನ ಅತ್ತರು

ಶಾಕೀರ ನನ್ನ ಕಿರುಬೆರಳನ್ನೂ ಮುಟ್ಟಿದವನಲ್ಲ. ಆದರೂ ಮೂರು ರಂಜಾನ್ ಹಬ್ಬಗಳಲ್ಲಿ ಅವನು ನನ್ನನ್ನು ಅಪ್ಪಿಕೊಂಡಿದ್ದ. ಹೇಗೆ ಅಂತ ಹೇಳುತ್ತೇನೆ, ನಗಬೇಡಿ.

ಯರಗಟ್ಟಿ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ತಳ್ಳುಗಾಡಿ. ಟೋಪಿ, ಸುರ್ಮಾ, ಸಾಲಾಗಿ ಅತ್ತರಿನ ಬಾಟಲಿಗಳು. ತೊಂಬತ್ತೈದರ ಹಬ್ಬದ ಮುನ್ನಾದಿನ ಅಲ್ಲಿಗೆ ಅಬ್ಬಾರ ಜೊತೆ ಹೋಗಿದ್ದೆ. ಟೆಂಪೋ ಓಡಿಸುವ ನಮ್ಮ ಅಬ್ಬಾ ಮೆಹಬೂಬಸಾಬ, ಒಂದು ಟೋಪಿ ಆರಿಸಲು ಹತ್ತು ಟೋಪಿ ಹಾಕಿ ನೋಡುವವರು. ಅಷ್ಟರಲ್ಲಿ ಗಾಳಿ ಬೀಸಿ ಶಾಕೀರನ ಅಂಗಿಯಿಂದ ಲಾವಂಚದ ತಂಪು ಘಮ ಬಂತು.

“ಅದ್ಯಾವ ಅತ್ತರ್ರಿ? ನನಗೂ ಒಂದು ಬಾಟ್ಲಿ ಕೊಡ್ರಿ.”

“ಅದು ಮಾರೂದಲ್ರಿ. ನನ್ನ ಸಲುವಾಗಿ ನಾನ ಮಾಡ್ಕೊಂಡಿದ್ದು.”

“ಮಾರೂದಿಲ್ಲಂದ್ರ ಮಂದಿಗಿ ಯಾಕ ಆಸೆ ಹಚ್ಚತೀರಿ?”

ಅವನು ಅಬ್ಬಾರ ಕಡೆ ಕಳ್ಳನೋಟ ಬೀರಿ ದನಿ ಇಳಿಸಿದ. “ನಾಳೆ ಈದ್ಗಾದಾಗ ಚಾಚಾನ್ನ ಅಪ್ಪಿಕೊಂಡು ಮುಬಾರಕ್ ಹೇಳತೇನಿ. ಬೇಕಾದ್ರ ಅವರ ಹೆಗಲ ಮ್ಯಾಲಿಂದ ತಗೋರಿ.”

ಎಂಥ ಭಂಡ! ಮುಖ ಬಿಸಿಯಾಗಿ ಓಢಣಿ ಎಳೆದುಕೊಂಡೆ. ಅವನು ಮಾತ್ರ ಏನೂ ಅರಿಯದವನ ಹಾಗೆ ಅಬ್ಬಾರಿಗೆ ಕನ್ನಡಿ ಹಿಡಿದು ನಿಂತ.

ಮರುದಿನ ನಮಾಜ್ ಮುಗಿಸಿ ಬಂದ ಅಬ್ಬಾ, ಸಲಾಂ ಮಾಡಿದ ನನ್ನನ್ನು ಎಂದಿನಂತೆ ಎದೆಗೆ ಎಳೆದುಕೊಂಡರು. ಬಿಳಿ ಕುರ್ತಾದ ಎಡ ಹೆಗಲ ಮೇಲೆ ಲಾವಂಚ ಕಾದಿತ್ತು.

ಆ ಕುರ್ತಾ ನಾನೇ ಒಗೆಯುತ್ತೇನೆ ಎಂದು ಇಸಿದುಕೊಂಡು ಎಂಟು ದಿನ ಒಗೆಯಲಿಲ್ಲ. ಅಮ್ಮಿ ಬೈದರು: “ಅಲ್ಮಾಸ, ಇಂಥಾ ಮೈಗಳ್ಳಿನ್ನ ಯಾರ ಮನ್ಯಾಗ ಇಟ್ಕೋತಾರ?”

ಮುಂದಿನ ಎರಡು ಹಬ್ಬಗಳಲ್ಲೂ ಹೀಗೇ ಆಯಿತು. ವರ್ಷವಿಡೀ ಗಾಡಿಯ ಮುಂದೆ ಹಾಯುವಾಗ ಒಂದು ನೋಟ, ಹಬ್ಬಕ್ಕೊಂದು ಹೆಗಲು. ನನಗೆ ಅಷ್ಟು ಸಾಕಾಗಿತ್ತು ಎಂದರೆ ಸುಳ್ಳಾದೀತು.

ತೊಂಬತ್ತೇಳರ ದೀಪಾವಳಿ ಹೊತ್ತಿಗೆ ಅವನ ತಾಯಿ ರಾಜಮಾ ನನ್ನನ್ನು ಕೇಳಿಕೊಂಡು ಬಂದರು. ಅಬ್ಬಾ ಚಹಾ ಕುಡಿಸಿ, ಮೆತ್ತಗೆ ಹೇಳಿ ಕಳಿಸಿದರು: “ತಳ್ಳುಗಾಡಿ ಮ್ಯಾಲ ಸಂಸಾರ ನಡಿಯೂದಿಲ್ರಿ ಆಪಾ.” ತಿಂಗಳೊಳಗೆ ರಾಮದುರ್ಗದ ಪವರ್‌ಲೂಮ್ ಮನೆಯವರ ಜೊತೆ ಮಾತಾಯಿತು. ರಂಜಾನ್ ಹಬ್ಬವಾದ ಎಂಟನೇ ದಿನ ನಿಕಾಹ್. ಪತ್ರಿಕೆಗಳನ್ನೂ ಹಂಚಿಯಾಯಿತು.

ನನಗೊಂದೇ ಆಸೆ ಉಳಿದಿತ್ತು. ಈ ಹಬ್ಬಕ್ಕೂ ಅವನು ಅಬ್ಬಾರನ್ನು ಅಪ್ಪಿಕೊಳ್ಳಬೇಕು. ಮುಂದಿನ ಹಬ್ಬಕ್ಕೆ ನಾನು ಈ ಬಾಗಿಲಲ್ಲಿ ಇರುವುದಿಲ್ಲ.

ಜನವರಿಯ ಚಳಿ. ಒಳಗೆ ಅಮ್ಮಿ ಹಬ್ಬದ ಪಾಯಸ ಸುರಕುಂಬಾದ ಹಾಲಿಗೆ ಉತ್ತತ್ತಿ ಹಾಕುತ್ತಿದ್ದರು. ಅಬ್ಬಾ ಬಂದರು, ಅಪ್ಪಿಕೊಂಡರು. ಎಡ ಹೆಗಲಲ್ಲಿ ಗುಲಾಬಿ, ಮಲ್ಲಿಗೆ, ಯಾರದೋ ಬೀಡಿಯ ವಾಸನೆ. ಬಲ ಹೆಗಲಿಗೆ ಮುಖ ಹೊರಳಿಸಿದೆ. ಅಲ್ಲೂ ಲಾವಂಚ ಇರಲಿಲ್ಲ.

ಅಬ್ಬಾ ಅವನನ್ನು ಕಂಡೂ ಮುಖ ತಿರುಗಿಸಿಕೊಂಡು ಬಂದಿದ್ದಾರೆ ಎಂದುಕೊಂಡೆ. ಹಬ್ಬದ ದಿನವೂ ಇಷ್ಟು ಹಟವೇ?

“ಎಲ್ಲಾರೂ ಸಿಕ್ಕಿದ್ರೇನ್ರಿ ಅಬ್ಬಾ?”

ಅವರ ಕೈ ನನ್ನ ತಲೆಯ ಮೇಲೆ ಬಂದು ನಿಂತಿತು.

“ಹುಡಕಬ್ಯಾಡ ಬೇಟಿ. ಅಂವಾ ಸಿಕ್ಕಿದ್ದ. ಎಲ್ಲಾರಕಿಂತ ಹೆಚ್ಚ ಹೊತ್ತು ಅಪ್ಪಿಕೊಂಡಿದ್ದ.”

ನಾನು ಅವರ ಹೆಗಲಿನಿಂದ ಮುಖ ಎತ್ತಿದೆ.

“‘ಹರವರ್ಷ ಘಮಘಮ ಅಂತಿದ್ದೆಲ್ಲೋ, ಈ ಸಲ ಯಾಕ ಅತ್ತರ ಹಚ್ಚಿಲ್ಲ’ ಅಂತ ಕೇಳ್ದೆ. ‘ಅಲ್ಮಾಸ ಈಗ ಮಂದಿ ಮನಿ ಹೆಣ್ಮಗಳು ಚಾಚಾ, ಇನ್ನ ಕಳಸಬಾರದು’ ಅಂದು ಹೋಗಿಬಿಟ್ಟ. ಮನಿಗಿ ಬರೂದ್ರಾಗ ನನಗ ಎಲ್ಲಾ ತಿಳೀತು. ನೀ ಒಗೀಲಾರದ ಇಟ್ಟ ಕುರ್ತಾ ಸುದ್ಧಾ. ನಾನು ಗಾಡಿ ನೋಡಿದೆ, ಹುಡುಗನ್ನ ನೋಡಲಿಲ್ಲ. ಈಗರ ಹೇಳು. ರಾಮದುರ್ಗಕ್ಕ ಹೋಗಿ ಕೈಮುಗದು ಬರತೇನಿ.”

ಹೂಂ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ಯಾರ ಮುಂದೆಯೂ ತಲೆ ತಗ್ಗಿಸದ ಅಬ್ಬಾ, ಬೀಗರ ಅಂಗಳದಲ್ಲಿ ಟೋಪಿ ತೆಗೆದು ನಿಲ್ಲುವುದು ಕಣ್ಣಿಗೆ ಕಟ್ಟಿತು. ನನಗೆ ಧೈರ್ಯ ಸಾಲಲಿಲ್ಲ. ಇಂದಿಗೂ ಅದಕ್ಕೆ ನನ್ನ ಮೇಲೆ ನನಗೆ ಸಿಟ್ಟಿದೆ.

“ಸುರಕುಂಬಾ ಆರತೈತಿ ಅಬ್ಬಾ,” ಅಂದೆ. “ಒಳಗ ಬರ್ರಿ.”

ಅಬ್ಬಾ ಆ ದಿನ ತೊಟ್ಟಿದ್ದ ಕುರ್ತಾವನ್ನು ಮಧ್ಯಾಹ್ನವೇ ಒಗೆದು ಹಗ್ಗಕ್ಕೆ ಹಾಕಿದೆ. ಅಮ್ಮಿಗೆ ಭಾರಿ ಖುಷಿಯಾಯಿತು.

“ಈಗ ನೋಡ, ಮಂದಿ ಮನಿಗಿ ಹೋಗೂ ಹುಡುಗಿ ಆದಿ.”