ಬಣ್ಣದ ಕಾರ್ಖಾನೆಯ ಉಗಿಯಣ್ಣ

ಬಣ್ಣ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಹದಿನಾಲ್ಕು ವರ್ಷ ದುಡಿದೆ. ಹಳ್ಳದ ನೀರು ಕೆಂಪಾಯಿತೆಂದು ಕಾರ್ಖಾನೆಯನ್ನು ಮುಚ್ಚಿಸಿ ಆಗಲೇ ಹನ್ನೊಂದು ವರ್ಷ. ಬಾಯ್ಲರ್, ಕೊಳವೆಗಳೆಲ್ಲ ಗುಜರಿಗೆ ಹೋಗಿ ಬರೀ ಸಿಮೆಂಟಿನ ನೆಲ ಉಳಿದಿತ್ತು. ಮಣ್ಣು ಪರೀಕ್ಷಿಸಲು ಬಂದ ಅಧಿಕಾರಿಗೆ ಜಾಗ ತೋರಿಸಲೆಂದು ಕಳೆದ ತಿಂಗಳು ಮಟಮಟ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ.

ಬಾಯ್ಲರ್ ನೋಡಿಕೊಳ್ಳುತ್ತಿದ್ದವನನ್ನು ನಾವೆಲ್ಲ ಉಗಿಯಣ್ಣ ಎನ್ನುತ್ತಿದ್ದೆವು. ಉಗಿ ಬಿಡುವ ಮುಂಚೆ ಸ್ಪ್ಯಾನರಿನಿಂದ ಕೊಳವೆಗೆ ಮೂರು ಸಲ ಬಡಿದು, "ಆಚೆ ಸರಿಯಮ್ಮಾ, ಬೆಂದುಹೋಗ್ತೀಯ!" ಎಂದು ನಗುತ್ತಿದ್ದ. ಕಾರ್ಖಾನೆ ಮುಚ್ಚಿದ ವರ್ಷವೇ ತೀರಿಕೊಂಡ. ಆ ಖಾಲಿ ನೆಲದ ಮೇಲೆ ನಿಂತಾಗ ಅವನ ನೆನಪಾಗಿ ಕಣ್ಣು ತುಂಬಿಬಂತು.

ಆಗಲೇ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು ಮೂರು ಸಲ ಕೇಳಿತು. ಹಳೆಯ ಅಭ್ಯಾಸ ನೋಡಿ, ಅಧಿಕಾರಿಯ ತೋಳು ಹಿಡಿದೆಳೆದುಕೊಂಡು ಹಿಂದೆ ಸರಿದೆ. ನಾವು ನಿಂತಿದ್ದ ನೆಲ ದಡಕ್ಕನೆ ಕುಸಿಯಿತು. ಕೆಳಗೆ, ನಮಗಾರಿಗೂ ಗೊತ್ತಿರದ ಕೊಳಕುನೀರಿನ ತೊಟ್ಟಿ.

"ಯಾರ್ರೀ ಅದು ಬಡಿದಿದ್ದು?" ಎಂದು ಅಧಿಕಾರಿ ಕೇಳಿದರು.

"ನಮ್ಮವರೇ ಸಾರ್," ಎಂದೆ.

ಸುಧಾರಿಸಿಕೊಂಡು ಅವರು ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟರು. ಹನ್ನೊಂದು ವರ್ಷ ಬೆಂಕಿಯನ್ನೇ ಕಾಣದ ಆ ನೀರು ಎಂಬತ್ತು ಡಿಗ್ರಿ ಕಾದಿತ್ತು. ವರದಿಯಲ್ಲಿ ಹಾಗೆಯೇ ಬರೆದಿದ್ದಾರೆ. ಕಾರಣ ಬರೆಯುವ ಜಾಗ ಮಾತ್ರ ಇವತ್ತಿಗೂ ಖಾಲಿ.